ಊರ ಶಾಲೆ: ಒಬ್ಬರೇ ಉಳಿದರೆ ಸಾಲದು

ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಹೋಬಳಿಯ ನಮ್ಮ ಹಳ್ಳಿಗೆ ಪ್ರತಿದಿನ ಬೆಳಿಗ್ಗೆ ಹಳದಿ ಬಣ್ಣದ ಶಾಲಾ ವ್ಯಾನುಗಳು ಬರುತ್ತವೆ. ಟೈ ಕಟ್ಟಿಕೊಂಡ ಮಕ್ಕಳು ಅವುಗಳನ್ನು ಹತ್ತಿ ಪಟ್ಟಣದ ಆಂಗ್ಲ ಮಾಧ್ಯಮ ಶಾಲೆಗಳಿಗೆ ಹೋಗುತ್ತಾರೆ. ಉಳಿದ ಮಕ್ಕಳು ಸ್ವಲ್ಪ ಹೊತ್ತಿನ ನಂತರ ಊರ ಸರ್ಕಾರಿ ಪ್ರಾಥಮಿಕ ಶಾಲೆಗೆ ನಡೆದು ಹೋಗುತ್ತಾರೆ. ನಿವೃತ್ತಿಯ ಬಳಿಕ ಊರಿಗೆ ಮರಳಿದ ನಾನು ಇದನ್ನು ನಿತ್ಯವೂ ನೋಡುತ್ತಿದ್ದೆ. ಈ ವರ್ಷ ಮಾತ್ರ ಅದು ನೋಡಿ ಸುಮ್ಮನಿರುವ ವಿಷಯವಾಗಿ ಉಳಿಯಲಿಲ್ಲ. ಸಮೀಪದಲ್ಲೇ ಉದ್ಯೋಗ ದೊರೆತು ಬೆಂಗಳೂರಿನಿಂದ ಬಂದು ನೆಲೆಸಿರುವ ಮಗ ಮತ್ತು ಸೊಸೆ, ಮೊಮ್ಮಗಳನ್ನು ಒಂದನೇ ತರಗತಿಗೆ ಎಲ್ಲಿ ಸೇರಿಸಬೇಕೆಂದು ನನ್ನನ್ನು ಕೇಳಿದರು.

ಊರ ಶಾಲೆಗೇ ಸೇರಿಸೋಣ ಎಂದೆ. ಸೊಸೆ ನೇರವಾಗಿಯೇ ಕೇಳಿದಳು: ‘ನಿಮ್ಮ ಮಕ್ಕಳ ವಿಷಯದಲ್ಲಿ ಮಾಡದ ಪ್ರಯೋಗವನ್ನು ನನ್ನ ಮಗಳ ಮೇಲೆ ಏಕೆ ಮಾಡುತ್ತೀರಿ, ಮಾವ?’

ಈ ಪ್ರಶ್ನೆಗೆ ನನ್ನ ಬಳಿ ಸಮರ್ಪಕ ಉತ್ತರವಿರಲಿಲ್ಲ. ನಾನು ಅಕ್ಷರ ಕಲಿತದ್ದು ಇದೇ ಊರ ಶಾಲೆಯಲ್ಲಿ. ಆದರೆ ಅಧಿಕಾರದಲ್ಲಿದ್ದಾಗ ನನ್ನ ಇಬ್ಬರು ಮಕ್ಕಳನ್ನೂ ಖಾಸಗಿ ಶಾಲೆಗಳಲ್ಲಿ ಓದಿಸಿದೆ. ಪದೇ ಪದೇ ಆಗುವ ವರ್ಗಾವಣೆ ಅದಕ್ಕೆ ಒಳ್ಳೆಯ ನೆಪವಾಯಿತು. ಶಾಲಾ ಕೊಠಡಿಗಳ ಅನುದಾನದ ಕಡತಗಳಿಗೆ ಸಹಿ ಹಾಕಿದ ನಾನು ಪೋಷಕನಾಗಿ ಒಮ್ಮೆಯೂ ಆ ಕೊಠಡಿಗಳ ಹೊಸ್ತಿಲು ದಾಟಲಿಲ್ಲ. ಸರ್ಕಾರಿ ನೌಕರರು ಮತ್ತು ಜನಪ್ರತಿನಿಧಿಗಳ ಮಕ್ಕಳು ಸರ್ಕಾರಿ ಶಾಲೆಯಲ್ಲಿಯೇ ಓದಬೇಕೆಂದು ಅಲಹಾಬಾದ್ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಆದೇಶಿಸಿದಾಗ, ಅದು ಕಾರ್ಯಸಾಧ್ಯವಲ್ಲವೆಂದು ವಾದಿಸಿದವರಲ್ಲಿ ನಾನೂ ಒಬ್ಬ.

ಹಾಗೆಂದು ಈ ಪ್ರಶ್ನೆಯನ್ನು ಪಶ್ಚಾತ್ತಾಪದಿಂದ ಬಿಡಿಸಲಾಗದು, ಸಾಕ್ಷ್ಯಾಧಾರಗಳನ್ನು ನೋಡಬೇಕು. ನಮ್ಮ ಗಡಿಯಾಚೆ, ಅವಿಭಜಿತ ಆಂಧ್ರಪ್ರದೇಶದ ಐದು ಜಿಲ್ಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಕೆಲವರನ್ನು ಲಾಟರಿ ಮೂಲಕ ಆರಿಸಿ, ಶುಲ್ಕ ಭರಿಸಿ ಖಾಸಗಿ ಶಾಲೆಗೆ ಕಳುಹಿಸಲಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಇದರ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ನಾಲ್ಕು ವರ್ಷಗಳ ನಂತರವೂ ತೆಲುಗು ಮತ್ತು ಗಣಿತದಲ್ಲಿ ಎರಡೂ ಗುಂಪಿನ ಮಕ್ಕಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಖಾಸಗಿ ಶಾಲೆಯ ಮಕ್ಕಳು ಸ್ಪಷ್ಟವಾಗಿ ಮುಂದಿದ್ದದ್ದು ಹಿಂದಿಯಲ್ಲಿ. ಸರ್ಕಾರದ ಸಮರ್ಥಕರು ಬೀಗುವ ಮೊದಲು ಇದೇ ಅಧ್ಯಯನದ ಇನ್ನೊಂದು ಮಾತನ್ನೂ ಗಮನಿಸಬೇಕು. ಆ ಖಾಸಗಿ ಶಾಲೆಗಳು ಪ್ರತಿ ಮಗುವಿಗೆ ಮಾಡುತ್ತಿದ್ದ ವೆಚ್ಚ ಸರ್ಕಾರಿ ಶಾಲೆಯ ವೆಚ್ಚದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ವ್ಯಾನಿಗೂ ಟೈಗೂ ಕೊಡುವ ಹಣ ವಿದ್ಯೆಯಾಗಿ ಪರಿಣಮಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಸರ್ಕಾರ ತಾನು ಮಾಡುವ ಹೆಚ್ಚಿನ ಖರ್ಚನ್ನು ಕಲಿಕೆಯಾಗಿ ಪರಿವರ್ತಿಸುತ್ತಿಲ್ಲ ಎಂಬುದೂ ಅಷ್ಟೇ ನಿಜ.

ಭಾಷೆಯ ಪ್ರಶ್ನೆ ನಮ್ಮ ಸೀಮೆಯಲ್ಲಿ ಇನ್ನಷ್ಟು ಜಟಿಲ. ಇಲ್ಲಿ ಅನೇಕ ಮನೆಗಳ ಮಾತು ತೆಲುಗು, ಬೀದಿಯ ಮಾತು ಕನ್ನಡ. ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ 1994ರ ಭಾಷಾ ನೀತಿಯನ್ನು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ತಳ್ಳಿಹಾಕಿ, ಆಯ್ಕೆಯನ್ನು ಪೋಷಕರಿಗೆ ಬಿಟ್ಟಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು, ಮಗುವಿನ ಪ್ರಶ್ನೆ ಮುಗಿಯಲಿಲ್ಲ. ಮನೆಯಲ್ಲಿಯೂ ಬೀದಿಯಲ್ಲಿಯೂ ಕಿವಿಗೆ ಬೀಳದ ಭಾಷೆಯಲ್ಲಿ ಕೂಡುವ ಕಳೆಯುವ ಲೆಕ್ಕ ಕಲಿಯಬೇಕಾದ ಮಗು, ಅರ್ಥವಾಗದ್ದನ್ನು ಬಾಯಿಪಾಠ ಮಾಡುವುದೇ ವಿದ್ಯೆಯೆಂದು ತಿಳಿಯುತ್ತದೆ.

ಹಾಗಿದ್ದೂ ವಿವೇಚನೆಯುಳ್ಳ ಪೋಷಕರೇ ಊರ ಶಾಲೆಯನ್ನು ತೊರೆಯುತ್ತಿರುವುದೇಕೆ? ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಪ್ರಕಟಿಸಿದ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ ಕೃತಿಯಲ್ಲಿ ಇದೇ ಸಮಸ್ಯೆಯನ್ನು ಚರ್ಚಿಸಿದ್ದಾರೆ. ಒಂದು ಸಂಸ್ಥೆಯ ಗುಣಮಟ್ಟ ಕುಸಿದಾಗ ಮೊದಲು ಹೊರನಡೆಯುವವರು ಗುಣಮಟ್ಟದ ಬಗ್ಗೆ ಅತಿ ಹೆಚ್ಚು ಕಾಳಜಿಯುಳ್ಳವರು. ಒಳಗಿದ್ದು ದನಿಯೆತ್ತಬಲ್ಲವರೂ ಅವರೇ. ಅವರು ಹೋದ ಮೇಲೆ ಕೇಳುವವರಿಲ್ಲದೆ ಸಂಸ್ಥೆ ಇನ್ನಷ್ಟು ಸೊರಗುತ್ತದೆ. ನಮ್ಮಲ್ಲಿ ಪೋಷಕರ ದನಿಗೆಂದೇ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಲಾಯಿತು. ಆದರೆ ಶಿಕ್ಷಣಾಧಿಕಾರಿಗೆ ಅರ್ಜಿ ಬರೆದು, ಬೆನ್ನುಹತ್ತಿ ಉತ್ತರ ಪಡೆಯಬಲ್ಲವರ ಮಕ್ಕಳು ವ್ಯಾನು ಹತ್ತಿದ ಮೇಲೆ, ಆ ಸಮಿತಿಯಲ್ಲಿ ಉಳಿಯುವವರು ದಿನಗೂಲಿ ಬಿಟ್ಟು ಸಭೆಗೆ ಬರಲಾರದವರು.

ಸರ್ಕಾರವೂ ಈ ನಿರ್ಗಮನಕ್ಕೆ ನೆರವಾಯಿತು. ಶಿಕ್ಷಣ ಹಕ್ಕು ಕಾಯ್ದೆಯ ಶೇಕಡ 25ರ ಮೀಸಲಾತಿಯಡಿ 2012-13ರಿಂದ ತಾನೇ ಶುಲ್ಕ ಕೊಟ್ಟು ಮಕ್ಕಳನ್ನು ಖಾಸಗಿ ಶಾಲೆಗಳಿಗೆ ಕಳುಹಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಶಾಲೆ ಇದ್ದರೆ ಅದರ ಅಗತ್ಯವಿಲ್ಲವೆಂದು 2019ರಲ್ಲಿ ನಿಯಮ ಬದಲಿಸಿತು. ಈ ನಡುವೆ ಬಿಸಿಯೂಟ, 2013ರಿಂದ ಹಾಲು, ನಂತರ ಮೊಟ್ಟೆ ಬಂದವು. ಇವು ಬಡ ಮಗುವಿಗೆ ಅತ್ಯಗತ್ಯವಾದವು, ಅನುಮಾನವಿಲ್ಲ. ಆದರೆ ಪೋಷಕರು ಶಾಲೆ ಬಿಡಿಸುತ್ತಿರುವುದು ಊಟವಿಲ್ಲವೆಂದಲ್ಲ, ತರಗತಿಗೊಬ್ಬ ಶಿಕ್ಷಕರಿಲ್ಲವೆಂದು.

‘ಬೀದಿಯ ಇನ್ನೂ ಮೂರು ಮಕ್ಕಳು ಜೊತೆಗೆ ಬಂದರೆ ನನ್ನ ಮಗಳನ್ನೂ ಕಳುಹಿಸುತ್ತೇನೆ’ ಎಂದು ಸೊಸೆ ಕೊನೆಗೆ ಷರತ್ತು ಹಾಕಿದಳು. ಹರ್ಷ್‌ಮನ್‌ರನ್ನು ಓದದ ಆಕೆ ಸಮಸ್ಯೆಯ ಮರ್ಮವನ್ನು ನನಗಿಂತ ಚೆನ್ನಾಗಿ ಹಿಡಿದಿದ್ದಳು. ಒಬ್ಬರೇ ಉಳಿದರೆ ಅದು ತ್ಯಾಗ. ಅದನ್ನು ಯಾವ ತಾಯಿಯಿಂದಲೂ ನಿರೀಕ್ಷಿಸಬಾರದು. ನಾಲ್ವರು ಉಳಿದರೆ ಅದು ದನಿ.

ನಾನು ಮನೆ ಮನೆಗೆ ಹೋದೆ. ಇಬ್ಬರು ಒಪ್ಪಿದರು. ಉಳಿದ ಮನೆಗಳಲ್ಲಿ ಸಿಕ್ಕ ಉತ್ತರ ಒಂದೇ: ‘ಮೂರು ವರ್ಷಕ್ಕೇ ಎಲ್‌ಕೆಜಿಗೆ ಸೇರಿಸಿಬಿಟ್ಟಿದ್ದೇವೆ ಸಾರ್, ಈಗ ಹೇಗೆ ಬಿಡಿಸೋದು?’ ಕಡತಗಳಲ್ಲಿ ನನಗೆ ಎಂದೂ ಕಾಣದ ಸಂಗತಿ ಅಂದು ಜಗುಲಿಯ ಮೇಲೆ ಕಂಡಿತು. ಸರ್ಕಾರಿ ಶಾಲೆ ಒಂದನೇ ತರಗತಿಗೆ ಬಾಗಿಲು ತೆರೆದು ಕಾಯುತ್ತಿರುವಾಗ, ಮಗುವಿನ ಶಾಲೆ ಅದಾಗಲೇ ನಿರ್ಧಾರವಾಗಿರುತ್ತದೆ. ಕೆಲವು ಸರ್ಕಾರಿ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿಗಳು ಆರಂಭವಾಗಿವೆ. ಅವು ಎಲ್ಲ ಊರುಗಳಿಗೂ ಬರಬೇಕು. ಅಂಗನವಾಡಿ ಕಾರ್ಯಕರ್ತೆಯರ ಅನುಭವವನ್ನು ಬಳಸಿಕೊಂಡೇ ಬರಬೇಕು.

ಖಾಸಗಿ ಎಂದೊಡನೆ ಮೂಗು ಮುರಿಯುವ ಅಗತ್ಯವಿಲ್ಲ. ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಊರ ಶಾಲೆಯಲ್ಲಿ ಓದಿ, 1935ರಲ್ಲಿ ಬೆಂಗಳೂರಿಗೆ ನಡೆದೇ ಹೋಗಿ ಸೇರಿದ್ದು ನ್ಯಾಷನಲ್ ಹೈಸ್ಕೂಲನ್ನು. ಅದು ಸರ್ಕಾರಿ ಶಾಲೆಯಾಗಿರಲಿಲ್ಲ. ಆದರೆ ಅದೇ ಸಂಸ್ಥೆಯ ಕಾಲೇಜುಗಳು ಮುಂದೆ ಅವರ ಮೂಲಕ ಗೌರಿಬಿದನೂರಿಗೂ ಬಾಗೇಪಲ್ಲಿಗೂ ಬಂದವು. ಶಾಲೆಯನ್ನು ನಡೆಸುವವರು ಯಾರು ಎಂಬುದಕ್ಕಿಂತ ಅದು ಯಾರಿಗಾಗಿ ನಡೆಯುತ್ತಿದೆ ಎಂಬುದು ಮುಖ್ಯ.

ಮೂರರ ಷರತ್ತನ್ನು ಸೊಸೆ ಎರಡಕ್ಕೆ ಇಳಿಸಿದಳು. ಮೊಮ್ಮಗಳು ಊರ ಶಾಲೆಗೆ ಸೇರಿದ್ದಾಳೆ. ಅಲ್ಲಿ ಮೊದಲ ಮೂರು ತರಗತಿಗಳು ನಲಿ-ಕಲಿ ಪದ್ಧತಿಯಲ್ಲಿ ಒಂದೇ ಕೊಠಡಿಯಲ್ಲಿವೆ. ಮೇಡಂ ಶ್ರದ್ಧೆಯುಳ್ಳವರು, ಆದರೆ ಒಬ್ಬರೇ. ಇನ್ನೊಬ್ಬ ಶಿಕ್ಷಕರನ್ನು ಕೋರಿ ನಾವು ಮೂರು ಮನೆಯವರು ಸೇರಿ ಅರ್ಜಿ ಬರೆದಿದ್ದೇವೆ. ಒಂದು ವರ್ಷದ ನಂತರವೂ ಮಗಳ ಓದು ಸಾಗದಿದ್ದರೆ ಬಿಡಿಸುವ ಹಕ್ಕನ್ನು ಸೊಸೆ ಕಾಯ್ದಿರಿಸಿಕೊಂಡಿದ್ದಾಳೆ, ಅದು ನ್ಯಾಯವೇ. ಅರ್ಜಿ ಬರೆಯುವುದು ನನಗೆ ಗೊತ್ತಿರುವ ಕೆಲಸ. ಮೂವತ್ತು ವರ್ಷಗಳ ಹಿಂದೆಯೇ, ನನ್ನ ಮಕ್ಕಳ ಶಾಲೆಗಾಗಿ ಅದನ್ನು ಬರೆಯಬೇಕಿತ್ತು.