ಬೋರ್ಡಿನ ಕನ್ನಡ ಬಾಗಿಲಲ್ಲೇ ನಿಂತಿತೇ?

ಯುವಮಿತ್ರರೇ, 2024ರ ತಿದ್ದುಪಡಿ ಕಾಯ್ದೆ ಅಂಗಡಿ, ಹೋಟೆಲುಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಕಡ್ಡಾಯ ಮಾಡಿತು. ಸಂತೋಷ. ಬಾಗಿಲು ದಾಟಿ ಒಳಗೆ ಹೋದರೆ? ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಎಷ್ಟೋ ಲೈವ್ ಮ್ಯೂಸಿಕ್ ಬಾರುಗಳಲ್ಲಿ ಇಂಗ್ಲಿಷ್, ಹಿಂದಿ ಮುಗಿದು ಕನ್ನಡ ಹಾಡಿಗೆ ಪುರಸೊತ್ತು ಸಿಕ್ಕರೆ ಅದೇ ಪುಣ್ಯ! ಹಾಲು-ತುಪ್ಪ ಸೋಕದ ಊಟಕ್ಕೆ ಮೆನುವಿನಲ್ಲಿ ‘ವೀಗನ್’ ಎಂಬ ಹೆಸರು ಬೇರೆ.

ಆ ಪದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1944ರಲ್ಲಿ. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಮನೆಗಳ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಅದಕ್ಕಿಂತ ಎಷ್ಟು ಹಿಂದಿನವು! ಬಾದಾಮಿಯ ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ತಾಯಂದಿರು ಬಡಿಸುವ ರೊಟ್ಟಿ ಊಟದಲ್ಲಿ ಮೊಸರು ಬಿಟ್ಟರೆ ಉಳಿದದ್ದು ಅದೇ ತಾನೆ? ಅಲ್ಲಿನ ಜಾತ್ರೆಯ ನಾಟಕ ಕಂಪನಿಗಳ ಹಾಡು ಲೈವ್ ಮ್ಯೂಸಿಕ್ ಅಲ್ಲವೇ?

ನಾನು ಮೆನು ಕಾರ್ಡ್ ಅಚ್ಚು ಹಾಕುವವನು. ‘ಕನ್ನಡದಾಗೂ ಹಾಕಸ್ರಿ’ ಎಂದರೆ ಮಾಲೀಕರದು ಒಂದೇ ಉತ್ತರ: ‘ಗಿರಾಕಿ ಯಾರೂ ಕೇಳೂದಿಲ್ರೀ.’ ಕೇಳಬೇಕಾದವರು ನೀವು! ಗ್ಲಾಸು ಒಡೆಯುವುದು ಬೇಡ, ಗದ್ದಲ ಬೇಡ. ಬಿಲ್ ಕೊಡುವ ಮೊದಲು ಒಂದು ಕನ್ನಡ ಹಾಡು ಕೇಳಿ, ಕನ್ನಡ ಮೆನು ಕೇಳಿ. ಪ್ರತಿ ಮೇಜಿನಿಂದಲೂ ಬೇಡಿಕೆ ಬಂದರೆ ಮಾಲೀಕ ತಾನಾಗಿಯೇ ಪ್ರೆಸ್ಸಿಗೆ ಓಡಿ ಬರುತ್ತಾನೆ!