ಅಟ್ಟ ಯಾರಿಗೆ?

ಮಕ್ಕಳು ಬೆಳೆಯುತ್ತಾರೆ, ಮನೆ ಮಾತ್ರ ಇದ್ದಷ್ಟೇ ಇರುತ್ತದೆ. ಹತ್ತನೇ ತರಗತಿಯ ಮಗಳಿಗೆ ಕೂತು ಓದಲು ಒಂದು ಮೂಲೆಯಿಲ್ಲ. ಆಗ ಮನೆಮಂದಿಯ ಕಣ್ಣು ಮೇಲಕ್ಕೆ ಹೋಗುತ್ತದೆ. "ಹಂಚಿನಡಿ ಅಷ್ಟು ಜಾಗ ಖಾಲಿಯಿದೆ, ಒಂದು ಅಟ್ಟ ಮಾಡಿ ಅವಳನ್ನು ಅಲ್ಲಿಗೆ ಕಳಿಸಿದರಾಯಿತು" ಎನ್ನುತ್ತಾರೆ.

ನಮ್ಮ ಕರಾವಳಿಗೆ ಅಟ್ಟ ಹೊಸದಲ್ಲ. ತೆಂಗಿನಕಾಯಿ, ಅಡಿಕೆ, ಮಳೆಗಾಲದ ಸೌದೆ ಎಲ್ಲವೂ ಅಲ್ಲೇ ಇರುತ್ತಿದ್ದವು. ಒಲೆಯ ಹೊಗೆ ಅವುಗಳಿಗೆ ಹುಳ ಹಿಡಿಯದಂತೆ ಕಾಯುತ್ತಿತ್ತು. ಆದರೆ ಸಾಮಾನಿಗೆ ಹೊಂದುವ ಜಾಗ ಮನುಷ್ಯರಿಗೆ ಹೊಂದಬೇಕೆಂದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇವೆರಡನ್ನು ಬೇರೆಯಾಗಿಯೇ ನೋಡುತ್ತದೆ. ಸಾಮಾನಿನ ಅಟ್ಟದ ಎತ್ತರ ಹೆಚ್ಚೆಂದರೆ 1.5 ಮೀಟರ್, ಅಂದರೆ ಸುಮಾರು 5 ಅಡಿ. ಜನ ಬಳಸುವ ನಡುಮಹಡಿಗೆ ಕನಿಷ್ಠ 2.2 ಮೀಟರ್, ಅಂದರೆ 7 ಅಡಿಗಿಂತ ತುಸು ಹೆಚ್ಚು ಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಮನೆಯ ಅಗಲ 12 ಅಡಿ, ಗೋಡೆ 9 ಅಡಿ, ಮಾಡಿನ ಇಳಿಜಾರು 30 ಡಿಗ್ರಿ ಎಂದಿಟ್ಟುಕೊಳ್ಳಿ. ಮಾಡಿನ ತುದಿ ನೆಲದಿಂದ ಸುಮಾರು ಹನ್ನೆರಡೂವರೆ ಅಡಿ ಬರುತ್ತದೆ. ಕೆಳಗೆ ತಲೆ ತಾಗದಂತೆ ಏಳೂವರೆ ಅಡಿಯಲ್ಲಿ ಹಲಗೆ ಹಾಕಿದರೆ, ಮೇಲೆ ನಟ್ಟನಡುವೆ ಉಳಿಯುವುದು ಐದೇ ಅಡಿ. ಬದಿಗೆ ಸರಿದಂತೆ ಅದೂ ಇಲ್ಲ. ಅಲ್ಲಿ ಮಗಳು ನೆಟ್ಟಗೆ ನಿಲ್ಲುವುದೆಲ್ಲಿ?

ಸೆಕೆಯ ವಿಷಯವೂ ಇದೆ. ಬಿಸಿ ಗಾಳಿ ಮೇಲೇರುತ್ತದೆ, ಕಾದ ಹಂಚು ತಲೆಯ ಮೇಲೆಯೇ ಇರುತ್ತದೆ. ಪರೀಕ್ಷೆ ಬರುವುದು ಬೇಸಿಗೆಯ ಹೊತ್ತಿಗೇ.

ಇನ್ನೊಂದು ಎಚ್ಚರಿಕೆ. ಓಡಾಡಲು ಅಡ್ಡಿಯೆಂದು ಮಾಡಿನ ಅಡ್ಡತೊಲೆಯನ್ನು ಕತ್ತರಿಸಬೇಡಿ. ಹಂಚಿನ ಭಾರಕ್ಕೆ ಗೋಡೆಗಳು ಹೊರಕ್ಕೆ ಸರಿಯದಂತೆ ಹಿಡಿದಿಡುವುದು ಅದೇ. ಹಲಗೆಯ ಭಾರ ಹೊರಲು ಬೇರೆ ತೊಲೆ ಬೇಕು. ಅದನ್ನು ಗೋಡೆ ತಾಳುತ್ತದೆಯೇ ಎಂದು ತಿಳಿದವರಿಗೆ ತೋರಿಸಿಯೇ ಕೆಲಸ ಶುರು ಮಾಡಿ. ಏಣಿ ಜಾರದಂತೆ ಮೇಲೆ ಕೊಕ್ಕೆ ಇರಲಿ, ಅಟ್ಟದ ಅಂಚಿಗೆ ಗಟ್ಟಿ ಕಟಕಟೆ ಇರಲಿ.

ಹಾಗಾದರೆ ಅಟ್ಟ ಬೇಡವೇ? ಖಂಡಿತ ಬೇಕು, ಆದರೆ ತಿರುಗುಮುರುಗಾಗಿ. ಕೆಳಗಿನ ಕೋಣೆಯ ಮೂಲೆಯನ್ನು ನುಂಗಿರುವುದೇನು? ಹಬ್ಬಕ್ಕೆ ಮಾತ್ರ ಇಳಿಯುವ ದೊಡ್ಡ ಪಾತ್ರೆ, ಹೆಚ್ಚುವರಿ ಹಾಸಿಗೆ, ಹಳೆಯ ಪೆಟ್ಟಿಗೆ. ಅವು ಮೇಲೆ ಹೋಗಲಿ. ದಿನವೂ ಬೇಕಾದದ್ದನ್ನು ಮಾತ್ರ ಮೇಲಿಡಬೇಡಿ, ಏಣಿ ಹತ್ತಿಳಿಯುವ ಕೆಲಸ ಕೊನೆಗೆ ಮನೆಯ ಹೆಂಗಸಿನ ಪಾಲಿಗೇ ಬರುತ್ತದೆ. ತೆರವಾದ ಮೂಲೆಯಲ್ಲಿ ಕಿಟಕಿಯ ಬಳಿ ಒಂದು ಮೇಜು, ನಡುವೆ ಒಂದು ಪರದೆ ಸಾಕು.

ಸಾಮಾನು ಅಟ್ಟ ಸೇರಲಿ, ಮಗಳು ಬೆಳಕಿನಲ್ಲಿ ಕೂರಲಿ.