ಎರಡನೆಯ ನೋಟದಲ್ಲಿ ಕಾಂತಾರ

ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ರಾಮಲಕ್ಷ್ಮಣರೂ ಸೀತೆಯೂ ತಮ್ಮ ಬಾಳಿನ ಕಥೆಯನ್ನು ಬರೆದಿರುವ ಚಿತ್ರಗಳನ್ನು ನೋಡುತ್ತಾರೆ. ನಡೆದುದೆಲ್ಲವೂ ಅವರಿಗೆ ತಿಳಿದದ್ದೇ; ಆದರೂ ಕಣ್ಣು ತುಂಬಿ ಬರುತ್ತದೆ. ಕುತೂಹಲವು ತೀರಿದ ಮೇಲೂ ರಸವು ಉಳಿಯಬಲ್ಲುದು. ಯಕ್ಷಗಾನದ ಪ್ರೇಕ್ಷಕರು ಕೀಚಕನು ಉಳಿಯುವನೋ ಅಳಿಯುವನೋ ಎಂದು ತಿಳಿಯುವುದಕ್ಕಾಗಿ ರಾತ್ರಿಯೆಲ್ಲ ಎಚ್ಚರವಿರುತ್ತಾರೆಯೆ? ಈ ಅಳತೆಗೋಲನ್ನು ಹಿಡಿದು, ಪ್ರಸಿದ್ಧವಾದ ಒಂದು ಚಲಚ್ಚಿತ್ರವನ್ನು ಮತ್ತೊಮ್ಮೆ ನೋಡಿ ಬರೆದ ಮಾತುಗಳಿವು.

ರಿಷಬ್ ಶೆಟ್ಟರು ನಿರ್ದೇಶಿಸಿ ನಟಿಸಿದ 'ಕಾಂತಾರ'ವು 2022ರಲ್ಲಿ ಬಂದಿತು. 'ಕಾಂತಾರ: ಚಾಪ್ಟರ್ 1' ಎಂಬುದು 2025ನೆಯ ಅಕ್ಟೋಬರ್ 2ರಂದು ತೆರೆಕಂಡಿತು. ಇದು ಹುಟ್ಟಿನಲ್ಲಿ ತಮ್ಮ, ಕಥೆಯಲ್ಲಿ ಅಣ್ಣ. ಹಿಂದಿನ ಚಿತ್ರವು 1847ರಲ್ಲಿ ಅರಸನೊಬ್ಬನು ಕಾಡಿನವರಿಗೆ ಭೂಮಿಯನ್ನು ಕೊಟ್ಟುದರಿಂದ ಮೊದಲಾದರೆ, ಇದು ಕದಂಬರ ಕಾಲಕ್ಕೆ ಹಿಂದೆ ಸರಿದಿದೆ.

ಮೊದಲ ನೋಟವನ್ನು ಅದ್ಭುತರಸವೇ ಆಳುತ್ತದೆ. ಖಡ್ಗಗಳ ಕಣಕಣ, ಅಂಕೆಗೆಟ್ಟು ಓಡುವ ರಥ, ದೈವದ ಆವೇಶ, ಕಡಪರೆಂಬ ಕುಲದವರ ಮಾಟ, ಇವೆಲ್ಲ ಕಣ್ಣಿಗೂ ಕಿವಿಗೂ ಬಿಡುವು ಕೊಡುವುದಿಲ್ಲ. ಎರಡನೆಯ ಸಾರಿ ಈ ಸದ್ದು ಹಿಂದೆ ಸರಿದು, ಎರಡು ಸಂಗತಿಗಳು ಮುಂದೆ ಬರುತ್ತವೆ.

ಮೊದಲನೆಯದು ಕನಕವತಿಯ ಪಾತ್ರ. ಕಾಡಿನವರಲ್ಲಿ ಸ್ನೇಹವುಳ್ಳವಳಂತೆ ತೋರಿದ ರಾಜಪುತ್ರಿಯು ಅವರ ದೈವಗಳನ್ನು ಬಂಧಿಸುವ ಸಂಚಿನಲ್ಲಿ ಸೇರಿದವಳೆಂಬುದು ಕೊನೆಗೆ ಬಯಲಾಗುತ್ತದೆ. ಇದನ್ನು ತಿಳಿದು ನೋಡಿದರೆ ಅವಳ ಪ್ರತಿಯೊಂದು ಸವಿನುಡಿಯೂ ಶ್ಲೇಷಕಾವ್ಯದ ಪದದಂತೆ ಎರಡರ್ಥ ಕೊಡುತ್ತದೆ. ರುಕ್ಮಿಣಿ ವಸಂತ್ ಅವರ ಅಭಿನಯದ ಹದವು ತಿಳಿಯುವುದು ಆಗಲೇ.

ಎರಡನೆಯದು ಸಾಂಬಾರ ಪದಾರ್ಥಗಳ ವ್ಯಾಪಾರ. ಕಾಡಿನ ಬೆಳೆಯು ಬಂಗ್ರ ರಾಜ್ಯದ ಬಂದರಿಗೆ ಹೋಗಿ ಹೊನ್ನಾಗುತ್ತದೆ. ಬೆಳೆದವರಿಗೆ ಮಾತ್ರ ಆ ಹೊನ್ನಿನ ಸುಳಿವಿಲ್ಲ. ಬೆರ್ಮೆಯು ತನ್ನವರೊಡನೆ ಪೇಟೆಗೆ ಇಳಿಯುವುದು ಯಾವ ಕತ್ತಿವರಸೆಗಿಂತಲೂ ದೊಡ್ಡ ಸಾಹಸ. ಅಮರಕೋಶವು ಕಾಂತಾರಕ್ಕೆ ದುರ್ಗಮವಾದ ದಾರಿಯೆಂದು ಅರ್ಥ ಹೇಳುತ್ತದೆ. ಅರಸನಿಗೆ ದುರ್ಗಮವಾದುದು ಕಾಡು. ಕಾಡಿನವನಿಗೆ ದುರ್ಗಮವಾದುದು ಪೇಟೆ.

ನಮ್ಮ ಗುರುಪುರದ ಸುತ್ತಿನವರಿಗೆ ಇದು ದೂರದ ಮಾತಲ್ಲ. ಹೆಗ್ಗಡದೇವನಕೋಟೆಯ ಕಾಡುಕುರುಬರಿಗೂ ರಣಧೀರ ಕಂಠೀರವರ ಅರಮನೆಗೂ ನಡೆದ ವ್ಯವಹಾರವನ್ನು ಮಾಸ್ತಿಯವರು 'ಕಾಕನಕೋಟೆ' ನಾಟಕವಾಗಿಸಿದರು, 1977ರಲ್ಲಿ ಸಿ. ಆರ್. ಸಿಂಹರು ಅದನ್ನು ಚಲಚ್ಚಿತ್ರವಾಗಿ ತಂದರು. ಅಲ್ಲಿಯೂ ಪ್ರಶ್ನೆ ಇದೇ: ಕಾಡು ಯಾರದು? ನಾಗರಹೊಳೆಯು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಂದ ಹೊರಗೆ ಬಂದ ಜೇನುಕುರುಬರ ಮನೆಗಳು ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿವೆ. ಈ ಪ್ರಶ್ನೆಗೆ ಉತ್ತರವನ್ನು ಅವರು ಪರದೆಯ ಮೇಲೆ ಹುಡುಕಬೇಕಾದುದಿಲ್ಲ.

ಆದಕಾರಣವೇ ಎರಡನೆಯ ನೋಟದಲ್ಲಿ ಒಂದು ಲೋಪವೂ ದೊಡ್ಡದಾಗಿ ಕಾಣುತ್ತದೆ. ಒಂದು ವನವಾಸಿ ಕುಲಕ್ಕೆ ತಾಯಿ, ನಗು, ವ್ಯಾಪಾರ, ದೈವ ಎಲ್ಲವನ್ನೂ ಕೊಟ್ಟ ಕಥೆಯು ಕಡಪರೆಂಬ ಇನ್ನೊಂದಕ್ಕೆ ಮಾಟವನ್ನು ಮಾತ್ರ ಕೊಟ್ಟಿದೆ. ಮೊದಲ ಸಾರಿ ಅದು ಭಯಾನಕರಸ; ಎರಡನೆಯ ಸಾರಿ ಅದು ಬರಿಯ ಬಣ್ಣ. ಕಾಡಿನವರು ಮಾಟ ಬಲ್ಲವರೆಂಬ ಹೆದರಿಕೆಯು ಹಳೆಯದು, ಕೇಡಿನದೂ ಹೌದು. ನೀಲಗಿರಿಯ ಕುರುಂಬರ ಮೇಲೆ ಈ ಅಪವಾದವನ್ನು ಹೊರಿಸಿ ನೆರೆಯವರೇ ಅವರನ್ನು ಕೊಂದ ಪ್ರಸಂಗಗಳು 19ನೆಯ ಶತಮಾನದಲ್ಲಿ ನಡೆದುವು. ಅರಸರು ಕಾಡಿಗೆ ಮಾಡಿದ ಅನ್ಯಾಯವನ್ನು ಹೇಳಹೊರಟ ಕವಿಯು ಬಯಲಿನವರ ಈ ಭಯವನ್ನೂ ಒರೆಗೆ ಹಚ್ಚಬೇಕಾಗಿತ್ತು. ಕಡಪರಲ್ಲಿಯೂ ಒಬ್ಬ ತಾಯಿ ಕಾಣಿಸಿಕೊಂಡಿದ್ದರೆ ಕಥೆಯ ತೂಕವೇ ಬೇರೆಯಾಗುತ್ತಿತ್ತು.

ಒಟ್ಟಿನಲ್ಲಿ ಈ ಚಿತ್ರದ ಬೆರಗು ಒಂದು ನೋಟಕ್ಕೆ ಸಾಕು. ಬೆಲೆ ತಿಳಿಯಲು ಎರಡು ಬೇಕು. ರಕ್ತಪಾತವು ಹೆಚ್ಚಾಗಿರುವುದರಿಂದ ಚಿಕ್ಕ ಮಕ್ಕಳಿಗೆ ಇದು ಹೇಳಿದ್ದಲ್ಲ. ದೊಡ್ಡ ಮಕ್ಕಳೊಡನೆ ನೋಡುವ ತಾಯಿತಂದೆಗಳು ಊಟದ ಹೊತ್ತಿನಲ್ಲಿ ಒಂದು ಪ್ರಶ್ನೆಯನ್ನು ಕೇಳಲಿ: "ಗೆದ್ದವರು ಯಾರು ಎಂಬುದಿರಲಿ, ಮಾತನಾಡಲು ಅವಕಾಶ ಸಿಕ್ಕದೆ ಹೋದವರು ಯಾರು?"